ರಷ್ಯನ್ ಮಿಂಚುಪಟ್ಟಿಗೆ ಇಂಗ್ಲಿಷಿನ ದಾರಿ ಬೇಡ

ಪ್ರಶ್ನೆ: ನಾನು ಬಾಗಲಕೋಟೆ ನವನಗರದವಳು, ನಿವೃತ್ತ ಪ್ರಾಥಮಿಕ ಶಾಲೆ ಶಿಕ್ಷಕಿ. ನನ್ನ ತಮ್ಮನ ಮಗಳು ರಷ್ಯಾದ ಕಜಾನಿನಲ್ಲಿ ವೈದ್ಯಕೀಯ ಓದುತ್ತಿದ್ದಾಳೆ. ಇನ್ನು ಮೂರು ತಿಂಗಳಿಗೆ ನಾನು, ನಮ್ಮ ಮನೆಯವರು 12 ದಿನದ ಮಟ್ಟಿಗೆ ಹೊರಟಿದ್ದೇವೆ. ಮಾಸ್ಕೋ ನೋಡಿಕೊಂಡು ರಾತ್ರಿ ರೈಲಿನಲ್ಲಿ ಕಜಾನಿಗೆ ಹೋಗುವುದು. ಹುಡುಗಿಗೆ ಹಗಲೆಲ್ಲ ಕ್ಲಾಸು, ನಾವಿಬ್ಬರೇ ತಿರುಗಬೇಕು. ಮೊಬೈಲಿನಲ್ಲಿ 500 ಪದಗಳ ಇಂಗ್ಲಿಷ್–ರಷ್ಯನ್ ಫ್ಲಾಶ್ ಕಾರ್ಡು, ಅಂದರೆ ಒಂದು ಬದಿ ಇಂಗ್ಲಿಷ್ ಇನ್ನೊಂದು ಬದಿ ರಷ್ಯನ್ ಇರುವ ಮಿಂಚುಪಟ್ಟಿ, ಇಳಿಸಿಕೊಂಡು ಒಂದು ತಿಂಗಳು ದಿನಾ ರಾತ್ರಿ ನೋಡಿದೆ. ನೋಡುವಾಗ ಎಲ್ಲ ಗೊತ್ತಿದ್ದಂತೆ ಅನಿಸುತ್ತದೆ, ವಾರ ಬಿಟ್ಟು ಕೇಳಿದರೆ ಹತ್ತು ಪದವೂ ಬಾಯಿಗೆ ಬರುವುದಿಲ್ಲ. ಇದು ವಯಸ್ಸಿನ ತೊಂದರೆಯೇ? ಕಾರ್ಡಿನಿಂದ ಭಾಷೆ ಕಲಿಯಲು ಬರುತ್ತದೆಯೇ? ಬರುವುದಾದರೆ ಅವೇ ಕಾರ್ಡು ನಮ್ಮ ಮನೆಯವರಿಗೂ ನಡೆಯುತ್ತವೆಯೇ?

ಉತ್ತರ: ಅಕ್ಕೋರೆ, ವಯಸ್ಸಿನ ಮಾತು ಮೊದಲು ಬಿಡಿ. ಬೆಳಗಾವಿಯಲ್ಲಿ ನಾನು ರಷ್ಯಾಕ್ಕೆ ಓದಲು ಹೊರಟ ಮಕ್ಕಳಿಗೆ ಮೊದಲ ಪಾಠದ ರಷ್ಯನ್ ಹೇಳಿಕೊಡುತ್ತೇನೆ. ಹದಿನೆಂಟು ವರ್ಷದ ಹುಡುಗರೂ ನೀವು ಬರೆದ ಮಾತನ್ನೇ ಹೇಳಿಕೊಂಡು ಬರುತ್ತಾರೆ. ನಿಮ್ಮ ನೆನಪಿನ ಶಕ್ತಿಯಲ್ಲಿ ಕೊರತೆಯಿಲ್ಲ. ಕಾರ್ಡು ಹಿಡಿಯುವ ರೀತಿ ತಪ್ಪಿದೆ, ಆ ಕಾರ್ಡಿನ ಮೇಲೆ ಬರೆದದ್ದು ನಿಮಗಾಗಿ ಬರೆದದ್ದಲ್ಲ. ಎರಡನ್ನೂ ಸರಿಪಡಿಸಬಹುದು, ಮೂರು ತಿಂಗಳು ಅದಕ್ಕೆ ಧಾರಾಳ ಸಾಕು.

ಶಾಲೆಯಲ್ಲಿ ನೀವು ವರ್ಷಗಟ್ಟಲೆ ಮಿಂಚುಪಟ್ಟಿ ಹಿಡಿದು ನಿಂತವರು. ಪಟ್ಟಿಯ ಮೇಲೆ ‘ಬಸವ’ ಎಂದು ಬರೆದು ಎತ್ತಿ ತೋರಿಸಿದಾಗ ಬಾಯಿ ತೆರೆದದ್ದು ಯಾರು? ಮಗು. ನೀವು ಸುಮ್ಮನೆ ಕಾಯುತ್ತಿದ್ದಿರಿ. ಆ ಕಾಯುವ ಎರಡು ಕ್ಷಣದಲ್ಲಿ ಮಗುವಿನ ತಲೆಯೊಳಗೆ ನಡೆಯುವ ಹುಡುಕಾಟವಿದೆಯಲ್ಲ, ಕಲಿಕೆ ಇರುವುದು ಅಲ್ಲಿಯೇ. ಈಗ ಮೊಬೈಲಿನಲ್ಲಿ ಒಂದು ಬದಿ ಇಂಗ್ಲಿಷ್ ಕಂಡ ಕೂಡಲೇ ಬೆರಳು ತಾಗಿಸಿ ಇನ್ನೊಂದು ಬದಿ ನೋಡಿಬಿಡುತ್ತೀರಿ. ಪ್ರಶ್ನೆಯೂ ಮೊಬೈಲಿನದು, ಉತ್ತರವೂ ಮೊಬೈಲಿನದು, ನಿಮ್ಮ ಬಾಯಿಗೆ ಕೆಲಸವೇ ಬೀಳಲಿಲ್ಲ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು, ಇನ್ನೊಂದು ಗುಂಪು ಓದಿದ್ದನ್ನು ಮುಚ್ಚಿಟ್ಟು ನೆನಪಿನಿಂದ ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರದ ಮೇಲೆ ಕೇಳಿದಾಗ ನೆನಪಿನಿಂದ ಬರೆದವರು ಅವರನ್ನು ಹಿಂದೆ ಹಾಕಿದ್ದರು. ನೋಡುವಾಗ ಎಲ್ಲ ಬರುತ್ತದೆ, ವಾರ ಬಿಟ್ಟರೆ ಇಲ್ಲ ಎಂದು ನೀವು ಬರೆದಿರಲ್ಲ, ಅದರ ವಿವರಣೆ ಇಷ್ಟೇ.

ಆದ್ದರಿಂದ ಮೊದಲ ನಿಯಮ: ಉತ್ತರವನ್ನು ಗಟ್ಟಿಯಾಗಿ ಬಾಯಿಬಿಟ್ಟು ಹೇಳುವ ತನಕ ಕಾರ್ಡು ತಿರುಗಿಸಬಾರದು. ತಪ್ಪಾದರೂ ಹೇಳಿ ತಿರುಗಿಸಿ. ಮನಸ್ಸಿನಲ್ಲಿ ಹೇಳಿಕೊಂಡದ್ದು ಲೆಕ್ಕಕ್ಕಿಲ್ಲ, ಯಾಕೆಂದರೆ ಅಲ್ಲಿ ಅಂಗಡಿಯವಳ ಮುಂದೆ ಬೇಕಾಗುವುದು ನಾಲಿಗೆ.

ಮೊಬೈಲಿನ ಸೆಟ್ ಅಳಿಸಿಬಿಡಿ. ಅಂಥ ಸೆಟ್‌ಗಳಲ್ಲಿ ಬಣ್ಣಗಳೆಲ್ಲ ಒಂದು ಕಡೆ, ಪ್ರಾಣಿಗಳೆಲ್ಲ ಒಂದು ಕಡೆ, ವಾರದ ದಿನಗಳೆಲ್ಲ ಒಂದು ಕಡೆ ಇರುತ್ತವೆ. ಒಂದೇ ಜಾತಿಯ ಏಳೆಂಟು ಹೊಸ ಪದಗಳನ್ನು ಒಟ್ಟಿಗೆ ಕಲಿತರೆ ಒಂದರೊಳಗೊಂದು ಕಲಸಿಹೋಗುತ್ತವೆ. ಅಲ್ಲದೆ ಅಳಿಲು, ನರಿ, ನೇರಳೆ ಬಣ್ಣ ಕಟ್ಟಿಕೊಂಡು 12 ದಿನದ ಪ್ರವಾಸಿಗೆ ಏನಾಗಬೇಕು? ಮನೆಯಲ್ಲಿ ಹಳೆಯ ಲಗ್ನಪತ್ರಿಕೆ ಇರುತ್ತವಲ್ಲ, ಅವುಗಳ ಹಿಂಬದಿ ಖಾಲಿ ಮತ್ತು ದಪ್ಪ. ಒಂದನ್ನು ನಾಲ್ಕು ತುಂಡು ಮಾಡಿ. ನಿಮ್ಮ ಕೈಯಿಂದಲೇ ಬರೆಯಿರಿ. ಬರೆಯುವಾಗಲೇ ಅರ್ಧ ಪಾಠ ಆಗಿರುತ್ತದೆ. ಅಂಕಿ ಎಂಬ ಆಪ್ 2006ರಿಂದಲೂ ಇದೆ, ಆಂಡ್ರಾಯ್ಡಿನಲ್ಲಿ ಉಚಿತ, ಯಾವ ಕಾರ್ಡನ್ನು ಯಾವಾಗ ಕೇಳಬೇಕು ಎಂಬ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ. ವರ್ಷಗಟ್ಟಲೆ ಓದುವ ನಮ್ಮ ವೈದ್ಯಕೀಯ ವಿದ್ಯಾರ್ಥಿಗಳಿಗೆ ನಾನೇ ಅದನ್ನು ಹೇಳುತ್ತೇನೆ. ಇನ್ನೂರು ಕಾರ್ಡಿನ ಕೆಲಸಕ್ಕೆ ಕಾಗದವೇ ಮೇಲು.

ಇನ್ನು ಕಾರ್ಡು ಇಡುವ ಡಬ್ಬಿ. ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದಿದ್ದ. ನೆನಪು ಮೊದಮೊದಲು ವೇಗವಾಗಿ ಇಳಿಯುತ್ತದೆ, ಆಮೇಲೆ ನಿಧಾನವಾಗುತ್ತದೆ. ಸೆಬಾಸ್ಟಿಯನ್ ಲೈಟ್ನರ್ ಎಂಬ ಪತ್ರಕರ್ತ 1970ರ ದಶಕದಲ್ಲಿ ಇದಕ್ಕೆ ಒಂದು ಮನೆಮದ್ದಿನಂಥ ಉಪಾಯ ಹೇಳಿದ: ಖಾನೆಗಳಿರುವ ಪೆಟ್ಟಿಗೆ. ಅಮೀನಗಡದ ಕರದಂಟಿನ ಖಾಲಿ ಡಬ್ಬಿಯಲ್ಲಿ ರಟ್ಟು ಅಡ್ಡ ಇಟ್ಟು ನಾಲ್ಕು ಖಾನೆ ಮಾಡಿಕೊಳ್ಳಿ. ಹೊಸ ಕಾರ್ಡು ಮೊದಲ ಖಾನೆಗೆ, ಅದನ್ನು ದಿನಾ ತೆಗೆಯಬೇಕು. ಸರಿ ಹೇಳಿದರೆ ಎರಡನೆಯದಕ್ಕೆ, ಅದು ಮೂರು ದಿನಕ್ಕೊಮ್ಮೆ. ಮೂರನೆಯದು ವಾರಕ್ಕೊಮ್ಮೆ, ನಾಲ್ಕನೆಯದು ಹದಿನೈದು ದಿನಕ್ಕೊಮ್ಮೆ. ಯಾವ ಖಾನೆಯಲ್ಲಿ ತಪ್ಪಿದರೂ ಕಾರ್ಡು ಮೊದಲನೆಯದಕ್ಕೇ ಮರಳಿ ಬರುತ್ತದೆ, ದಯೆ ದಾಕ್ಷಿಣ್ಯ ಇಲ್ಲ. ಬರುವ ಪದವನ್ನು ಮತ್ತೆ ಮತ್ತೆ ತಿಕ್ಕುವುದು ತಪ್ಪಿ, ಬಾರದ ಪದದ ಮೇಲೆ ನಿಮ್ಮ ಹೊತ್ತು ಬೀಳುತ್ತದೆ.

ಈಗ ನನಗೆ ಮುಖ್ಯವಾದ ಮಾತಿಗೆ ಬರುತ್ತೇನೆ. ಕನ್ನಡದಿಂದ ರಷ್ಯನ್‌ಗೆ ನೇರ ದಾರಿ ಇದೆ. ನಾವೆಲ್ಲ ಅದನ್ನು ಬಿಟ್ಟು ಇಂಗ್ಲಿಷಿನ ಸುತ್ತುದಾರಿ ಹಿಡಿದು ದಣಿಯುತ್ತೇವೆ. ಇಂಗ್ಲಿಷ್ ಅಕ್ಷರದಲ್ಲಿ ‘ಟಿ’ ಕಂಡರೆ ನಮ್ಮ ಬಾಯಿಗೆ ಬರುವುದು ‘ಟ’, ‘ಡಿ’ ಕಂಡರೆ ‘ಡ’. ರಷ್ಯನ್‌ನಲ್ಲಿ ಇರುವುದು ಹಲ್ಲಿಗೆ ನಾಲಿಗೆ ತಾಗುವ ‘ತ’ ಮತ್ತು ‘ದ’, ಅಪ್ಪಟ ನಮ್ಮವೇ. ಅವರ ಪ, ಕ, ರ ಕೂಡ ನಮ್ಮವೇ. ‘ರ’ಕಾರ ಉರುಳಿಸಲು ಇಂಗ್ಲೆಂಡಿನವರು ತಿಂಗಳುಗಟ್ಟಲೆ ಹೆಣಗುತ್ತಾರೆ, ನಮ್ಮ ಒಂದನೇ ಇಯತ್ತೆಯ ಮಗುವಿಗೆ ಅದು ಹುಟ್ಟಿನಿಂದ ಬಂದದ್ದು. ‘ಎಷ್ಟಾಗುತ್ತದೆ’ ಎನ್ನಲು ‘ಸ್ಕೋಲ್ಕ ಸ್ತೋಯಿತ್’ ಎಂದು ಕನ್ನಡದಲ್ಲಿ ಬರೆದು ಓದಿದರೆ ಕಜಾನಿನ ಅಂಗಡಿಯವಳಿಗೆ ತಿಳಿಯುತ್ತದೆ. ಅದನ್ನೇ ಇಂಗ್ಲಿಷ್ ಮೂಲಕ ‘ಸ್ಟಾಯಿಟ್’ ಮಾಡಿದರೆ ಅವಳು ಮುಖ ನೋಡುತ್ತಾಳೆ.

ಇನ್ನೊಂದು ಅನುಕೂಲ ನಮ್ಮ ಲಿಪಿಯಲ್ಲೇ ಇದೆ. ರಷ್ಯನ್ ಪದದಲ್ಲಿ ಯಾವುದೋ ಒಂದು ಸ್ವರದ ಮೇಲೆ ಒತ್ತು ಬೀಳುತ್ತದೆ, ಆ ಸ್ವರ ಸ್ವಲ್ಪ ಎಳೆಯುತ್ತದೆ. ಒತ್ತಿಲ್ಲದ ‘ಒ’ ಕರಗಿ ‘ಅ’ ಆಗುತ್ತದೆ. ಬರೆಯುವುದು ‘ಮೊಲೊಕೊ’, ಅನ್ನುವುದು ‘ಮಲಕೋ’, ಅಂದರೆ ಹಾಲು. ‘ಖೊರೊಶೊ’ ಎಂದು ಬರೆದು ‘ಖರಶೋ’ ಎನ್ನುತ್ತಾರೆ, ಛಲೋ ಅಂತ ಅರ್ಥ. ಒತ್ತು ಬೀಳುವ ಕಡೆ ನೀವು ಕನ್ನಡದ ದೀರ್ಘ ಹಾಕಿಬಿಟ್ಟರೆ ಬೇರೆ ಗುರುತೇ ಬೇಡ. ಈ ಉತ್ತರದ ಉದ್ದಕ್ಕೂ ನಾನು ಹಾಗೆಯೇ ಬರೆದಿದ್ದೇನೆ. ಒತ್ತು ತಪ್ಪಿದರೆ ಅರ್ಥವೂ ಕೆಡಬಹುದು: ‘ಜಾಮಕ್’ ಎಂದರೆ ಕೋಟೆ, ‘ಜಮೋಕ್’ ಎಂದರೆ ಕೀಲಿ. ಅಂದಹಾಗೆ ನಾನು ‘ಜ’ ಎಂದು ಬರೆದದ್ದನ್ನು ಉರ್ದುವಿನ ‘ನಮಾಜ್’ನ ಜ ಎಂದು ಓದಿಕೊಳ್ಳಿ. ‘ಝ’ ಎಂದು ಬರೆದದ್ದು, ‘ಶ’ ಅನ್ನುತ್ತಲೇ ಗಂಟಲು ನಡುಗಿಸಿದರೆ ಬರುವ ದನಿ.

ನಮ್ಮ ಉತ್ತರ ಕರ್ನಾಟಕದ ಬಾಯಿಗೆ ಇನ್ನೂ ಹೆಚ್ಚಿನ ಭಾಗ್ಯವಿದೆ. ರಷ್ಯನ್ ವ್ಯಂಜನಗಳಲ್ಲಿ ಗಟ್ಟಿ, ಮೆದು ಎಂದು ಎರಡು ಬಗೆ. ಮೆದು ವ್ಯಂಜನ ಎಂದರೆ ಒಳಗೆ ಸಣ್ಣ ಯಕಾರ ಸೇರಿದಂಥದ್ದು. ಪುಸ್ತಕಗಳಲ್ಲಿ ಇದಕ್ಕೆ ಪುಟಗಟ್ಟಲೆ ವಿವರಣೆ ಇರುತ್ತದೆ. ನೀವು ಪೇಟೆಗೆ ‘ಪ್ಯಾಟಿ’, ಬೇಡಕ್ಕೆ ‘ಬ್ಯಾಡ’ ಅನ್ನುತ್ತೀರಲ್ಲ, ಆ ‘ಪ್ಯಾ’ ಹಿಡಿದುಕೊಂಡು ಕೊನೆಗೆ ಮೆಲ್ಲಗೆ ‘ತ್’ ಸೇರಿಸಿ. ‘ಪ್ಯಾತ್’, ಅಂದರೆ ಐದು. ತರಗತಿಯಲ್ಲಿ ಬೆಂಗಳೂರಿನ ಕಡೆ ಬೆಳೆದ ಮಕ್ಕಳಿಗಿಂತ ಗೋಕಾಕ, ಹುನಗುಂದದ ಮಕ್ಕಳು ಈ ಪದವನ್ನು ಬೇಗ ಹಿಡಿದದ್ದನ್ನು ನಾನು ಕೇಳಿದ್ದೇನೆ. ಗಂಟಲಿನ ‘ಖ’ ಬೇಕೆ? ವಿಜಯಪುರದಲ್ಲಿ ದಖನಿ ಮಾತಾಡುವವರು ‘ಖಬರ್’ ಎನ್ನುವಾಗ ಬರುವುದೇ ಅದು. ‘ತ್ಸ’ ಬೇಕೆ? ಮರಾಠಿಯವರು ‘ಚಾಂಗಲಾ’ ಎಂದು ಬರೆದು ‘ತ್ಸಾಂಗಲಾ’ ಎನ್ನುವುದನ್ನು ಜಮಖಂಡಿಯ ಸಂತೆಯಲ್ಲೇ ಕೇಳಿರುತ್ತೀರಿ. ನಮಗೆ ನಿಜಕ್ಕೂ ಹೊಸದಾದ ಸ್ವರ ಒಂದೇ. ನಾಲಿಗೆಯನ್ನು ‘ಉ’ ಹೇಳುವ ಜಾಗದಲ್ಲಿ ಇಟ್ಟು ತುಟಿಯನ್ನು ಮಾತ್ರ ‘ಈ’ ಎನ್ನುವಂತೆ ಅಗಲಿಸಿದರೆ ಅದು ಬರುತ್ತದೆ. ‘ರೀಬ’ ಎಂಬ ಮೀನಿನಲ್ಲೂ ‘ವೀ’ ಎಂಬ ನೀವಿನಲ್ಲೂ ಇರುವ ಸ್ವರ ಅದೇ. ಎರಡು ದಿನ ಕನ್ನಡಿ ಮುಂದೆ ನಿಂತರೆ ಸಾಕು.

ವ್ಯಾಕರಣದಲ್ಲಿ ಇಂಗ್ಲಿಷಿನ ದಾರಿ ಇನ್ನಷ್ಟು ಕೆಡಿಸುತ್ತದೆ. ‘ನನಗೆ ಚಳಿ’ ಎನ್ನಲು ಇಂಗ್ಲಿಷಿನವರು ‘ನಾನು’ ಎಂದು ಶುರುಮಾಡುತ್ತಾರೆ, ರಷ್ಯನ್ನರು ನಮ್ಮ ಹಾಗೆ ‘ನನಗೆ’ ಎಂದು. ಆ ‘ನನಗೆ’ ಎಂಬುದು ‘ಮ್ನ್ಯೆ’. ‘ಮ್ನ್ಯೆ ಖೋಲದ್ನ’ ನನಗೆ ಚಳಿ. ‘ಮ್ನ್ಯೆ ಝಾರ್ಕ’ ನನಗೆ ಸೆಕೆ. ‘ಮ್ನ್ಯೆ ನ್ರಾವಿತ್ಸ’ ನನಗೆ ಇಷ್ಟ. ‘ಮ್ನ್ಯೆ ಪ್ಲೋಖ’ ಎಂದರೆ ನನಗೆ ಆರಾಮಿಲ್ಲ, ಇದೊಂದು ಕಾರ್ಡನ್ನು ಕೆಂಪು ಶಾಯಿಯಲ್ಲಿ ಬರೆದಿಡಿ. ನಮ್ಮ ಚತುರ್ಥಿ ವಿಭಕ್ತಿ ಅಲ್ಲಿ ಹಾಗೆ ಕೂತಿದೆ. ‘ನಾನು ಶಿಕ್ಷಕಿ’ ಎನ್ನಲು ನಾವು ಕ್ರಿಯಾಪದ ಹಾಕುವುದಿಲ್ಲ, ಅವರೂ ಹಾಕುವುದಿಲ್ಲ: ‘ಯಾ ಉಚೀತಿಲ್ನಿತ್ಸ’. ‘ಇದು ಚಹಾ?’ ಎಂದು ಕೇಳಬೇಕೆ? ‘ಏತ ಚಾಯ್?’ ಎನ್ನುತ್ತ ದನಿ ಏರಿಸಿದರೆ ಮುಗಿಯಿತು. ನೀನು–ನೀವು ಎಂಬ ಭೇದವೂ ಅಲ್ಲಿದೆ, ‘ತೀ’ ಮತ್ತು ‘ವೀ’. ನಿಮಗೆ ಬೇಕಾದದ್ದು ‘ವೀ’ ಮಾತ್ರ. ಹಾಗಾಗಿ ಕಾರ್ಡಿನ ಮುಂಬದಿಯಲ್ಲಿ ಕನ್ನಡ ಇರಲಿ, ಅದೂ ನಿಮ್ಮ ಮನೆಯ ಕನ್ನಡ. ‘ಎಷ್ಟ ಆಗ್ತದ್ರಿ?’ ಎಂದು ಬರೆಯಿರಿ. ಅಂಗಡಿಯಲ್ಲಿ ನಿಂತಾಗ ನಿಮ್ಮ ಮನಸ್ಸಿಗೆ ಮೊದಲು ಬರುವ ಮಾತು ಅದು, ರಷ್ಯನ್ ಅದಕ್ಕೇ ಅಂಟಿಕೊಳ್ಳಬೇಕು.

ಅಕ್ಷರ ಕಲಿಯದೆ ಹೋಗಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಇರುವುದು 33 ಅಕ್ಷರ. 49 ಅಕ್ಷರ, ಅದರ ಮೇಲೆ ಕಾಗುಣಿತ, ಒತ್ತಕ್ಷರ ಕಲಿಸಿದ ಕೈಗೆ ಇದೇನು ಭಾರ? ದಿನಕ್ಕೆ ಮೂರರಂತೆ 11 ದಿನ. ಇಂಗ್ಲಿಷಿನ ಎ, ಕೆ, ಎಮ್, ಓ, ಟಿ ಆಕಾರದವು ತಮ್ಮ ದನಿಯನ್ನು ಹೆಚ್ಚುಕಡಿಮೆ ಉಳಿಸಿಕೊಂಡಿವೆ. ಮೋಸ ಮಾಡುವವು ಆರು: ಬಿ ಆಕಾರದ್ದು ‘ವ’, ಹೆಚ್ ಆಕಾರದ್ದು ‘ನ’, ಪಿ ಆಕಾರದ್ದು ‘ರ’, ಸಿ ಆಕಾರದ್ದು ‘ಸ’, ವೈ ಆಕಾರದ್ದು ‘ಉ’, ಎಕ್ಸ್ ಆಕಾರದ್ದು ‘ಖ’. ಮೊದಲ ಕಾರ್ಡುಗಳು ಇವೇ ಆಗಲಿ. ಗಣಿತದ ಪೈ ಗುರುತು ಅಲ್ಲಿ ‘ಪ’. ಅಂಕಿ ಮೂರರಂಥದ್ದು ‘ಜ’, ನಾಲ್ಕರಂಥದ್ದು ‘ಚ’, ಮೂರು ಹಲ್ಲಿನ ಬಾಚಣಿಕೆಯಂಥದ್ದು ‘ಶ’. ಊಟದ ಮನೆಯ ಫಲಕವನ್ನು ಇಂಗ್ಲಿಷ್ ಕಣ್ಣಿನಿಂದ ಓದಿದರೆ ‘ಪೆಕ್ಟೋಪಾಹ್’ ಎಂದು ಕಾಣುತ್ತದೆ. ಈ ಆರು ಅಕ್ಷರ ಕಲಿತ ದಿನ ಅದೇ ಫಲಕ ‘ರೆಸ್ತರಾನ್’ ಎಂದು ತೆರೆದುಕೊಳ್ಳುತ್ತದೆ. ಎರಡನೇ ಇಯತ್ತೆಯ ಮಗು ಮೊದಲ ಸಲ ಬಸ್ಸಿನ ಬೋರ್ಡು ಓದಿ ಕುಣಿಯುವುದನ್ನು ನೀವು ಎಷ್ಟೋ ಸಲ ಕಂಡಿದ್ದೀರಿ. ಆ ಸಂತೋಷ ಈ ವಯಸ್ಸಿನಲ್ಲಿ ನಿಮಗೆ ಮತ್ತೊಮ್ಮೆ ಸಿಗುತ್ತದೆ.

ಅಕ್ಷರ ಬಂದ ಮೇಲೆ ಎಷ್ಟೋ ಪದಕ್ಕೆ ಕಾರ್ಡೇ ಬೇಡ. ತಕ್ಸೀ, ಬಾಂಕ್, ಕಫೇ, ಪಾಸ್ಪರ್ತ್, ತಿಲಿಫೋನ್, ಸೂಪ್, ಸಲಾತ್ ಇವನ್ನು ಓದಿದರೆ ತಾವಾಗಿಯೇ ತಿಳಿಯುತ್ತವೆ. ನಮ್ಮ ಕಡೆಯ ನೆಂಟರೂ ಬಹಳ. ಚಹಾ ಅಲ್ಲಿ ‘ಚಾಯ್’, ಅನಾನಸು ‘ಅನನಾಸ್’, ಸಕ್ಕರೆ ‘ಸಾಖರ್’, ಬಜಾರ ‘ಬಜಾರ್’, ಸೂಟ್‌ಕೇಸು ‘ಚಿಮದಾನ್’. ಅತ್ತರದಾನಿಯಲ್ಲಿರುವ ಪಾರಸಿಯ ‘ದಾನ್’ ಅದರಲ್ಲೂ ಕೂತಿದೆ. ಎರಡು ‘ದ್ವಾ’, ಮೂರು ‘ತ್ರೀ’, ನೂರು ‘ಸ್ತೋ’, ಬಾಗಿಲು ‘ದ್ವ್ಯೇರ್’, ಬೆಂಕಿ ‘ಅಗೋನ್’. ಸಂಸ್ಕೃತದ ದ್ವಿ, ತ್ರಿ, ಶತ, ದ್ವಾರ, ಅಗ್ನಿ ಬಲ್ಲವರಿಗೆ ಇವು ಪರಿಚಿತ ಮುಖಗಳು. 15ನೇ ಶತಮಾನದಲ್ಲಿ ತ್ವೇರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ ನಮ್ಮ ಬೀದರಿಗೆ ಬಂದಿದ್ದ. ಅವನ ಟಿಪ್ಪಣಿಗಳಲ್ಲಿ ರಷ್ಯನ್ ನಡುನಡುವೆ ತುರ್ಕಿ, ಪಾರಸಿ, ಅರಬಿ ಬೆರೆತ ಸಂತೆಯ ಮಾತು ಬರುತ್ತದೆ. ಇಂಥ ಪದಗಳನ್ನು ಒಂದು ಹಾಳೆಯಲ್ಲಿ ಬರೆದು ಮೂರು ಸಲ ಓದಿ ಬಿಡಿ. ಒಂದು ಎಚ್ಚರಿಕೆ: ‘ಮಗಜೀನ್’ ಎಂದರೆ ಪತ್ರಿಕೆಯಲ್ಲ, ಅಂಗಡಿ. ಇದಕ್ಕೆ ಮಾತ್ರ ಕಾರ್ಡು ಬೇಕೇ ಬೇಕು.

ಇನ್ನು ಎಲ್ಲ ಸೆಟ್‌ಗಳೂ ಮರೆಯುವ ವಿಷಯ. ಅವು ನಿಮಗೆ ಕೇಳಲು ಕಲಿಸುತ್ತವೆ, ಬರುವ ಉತ್ತರವನ್ನು ತಿಳಿಯಲು ಕಲಿಸುವುದಿಲ್ಲ. ನಾನು ಮೊದಲ ಸಲ ಹೋದಾಗ ಮುನ್ನೂರು ಕಾರ್ಡು ಕಂಠಪಾಠ ಇತ್ತು. ಹೋಟೆಲಿನಲ್ಲಿ ಕೂತು ‘ವೋದು, ಪಝಾಲಸ್ತ’, ನೀರು ಕೊಡಿ ಎಂದು ಚೆನ್ನಾಗಿಯೇ ಕೇಳಿದೆ. ಆ ಹುಡುಗಿ ತಕ್ಷಣ ಏನೋ ಕೇಳಿದಳು, ನನಗೆ ಒಂದಕ್ಷರ ತಿಳಿಯಲಿಲ್ಲ. ಮತ್ತೆ ಕೇಳಿದಳು, ನಾನು ತಲೆಯಾಡಿಸಿದೆ. ಬಂದದ್ದು ಸೋಡಾ. ಅವಳು ಕೇಳಿದ್ದು ‘ಜ್ ಗಾಜಮ್ ಇಲಿ ಬಿಜ್ ಗಾಜ?’, ಗ್ಯಾಸು ಇರುವುದೋ ಇಲ್ಲದ್ದೋ ಎಂದು. ಎಲ್ಲ ಕಡೆ ಕೇಳುವ ಪ್ರಶ್ನೆ ಅದು, ನನ್ನ ಮುನ್ನೂರರಲ್ಲಿ ಅದು ಇರಲಿಲ್ಲ. ಅಂದಿನಿಂದ ನನ್ನ ವಿದ್ಯಾರ್ಥಿಗಳ ಕಾರ್ಡಿನಲ್ಲಿ ಮೂರರಲ್ಲಿ ಒಂದು ಪಾಲು ಎದುರಿನವರ ಮಾತಿಗೇ ಮೀಸಲು.

ಇವಕ್ಕೆ ಕಾಗದದ ಕಾರ್ಡು ಸಾಲದು, ಕಿವಿಗೆ ಕೆಲಸ ಬೇಕು. ಹುಡುಗಿಗೆ ಹೇಳಿ, ಅವಳ ಜೊತೆ ಓದುವ ಯಾರಾದರೂ ರಷ್ಯನ್ ಗೆಳತಿಯ ದನಿಯಲ್ಲಿ ಒಂದೊಂದೇ ಪ್ರಶ್ನೆ ವಾಟ್ಸಾಪಿಗೆ ಕಳಿಸಲಿ, ಪಾಠ ಹೇಳಿದಂತೆ ನಿಧಾನವಾಗಿ ಅಲ್ಲ, ಅಂಗಡಿಯವರ ವೇಗದಲ್ಲಿ. ‘ಪಕ್ಯೇತ್ ನೂಝನ್?’ ಚೀಲ ಬೇಕೆ? ‘ಜ್ದ್ಯೇಸ್ ಇಲಿ ಸ್ ಸಬೋಯ್?’ ಇಲ್ಲೇ ತಿನ್ನುವುದೋ ಕಟ್ಟಿಕೊಡಲೋ? ‘ಕಾರ್ತಯ್ ಇಲಿ ನಲೀಚ್ನಿಮಿ?’ ಕಾರ್ಡೋ ರೊಕ್ಕವೋ? ಇದರ ಉತ್ತರ ಈಗಲೇ ಕಲಿತಿಡಿ: ‘ನಲೀಚ್ನಿಮಿ’. 2022ರ ಮಾರ್ಚಿನಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಸಂಸ್ಥೆಗಳು ರಷ್ಯಾದಲ್ಲಿ ವ್ಯವಹಾರ ನಿಲ್ಲಿಸಿದ ಮೇಲೆ ಹೊರದೇಶದ ಬ್ಯಾಂಕಿನ ಆ ಕಾರ್ಡುಗಳು ಅಲ್ಲಿ ನಡೆಯುವುದಿಲ್ಲ, ಕೈಯಲ್ಲಿ ನೋಟೇ ಬೇಕು. ‘ಅತ್ಕೂದ ವೀ?’ ಎಂದು ಎಲ್ಲರೂ ಕೇಳುತ್ತಾರೆ, ಎಲ್ಲಿಯವರು ಎಂದು. ‘ಇಜ್ ಈಂದಿಯಿ’, ಭಾರತದಿಂದ. ಧ್ವನಿ ಕೇಳುವುದೇ ಕಾರ್ಡಿನ ಮುಂಬದಿ, ನೀವು ಬಾಯಿಬಿಟ್ಟು ಉತ್ತರಿಸುವುದೇ ಹಿಂಬದಿ. ತಿಳಿಯದಿದ್ದಾಗ ಹೇಳಲು ‘ಯಿಶ್ಶ್ಯೋ ರಾಸ್, ಪಝಾಲಸ್ತ’, ಇನ್ನೊಮ್ಮೆ ಹೇಳಿ ಎಂದು. ‘ನಪಿಶೀತ್ಯೆ’ ಎಂದರೆ ಬರೆದು ತೋರಿಸಿ.

ರೊಕ್ಕದ ವ್ಯವಹಾರ ಎಂದ ಮೇಲೆ ಸಂಖ್ಯೆ ಬಂತು. ಇಲ್ಲೂ ಕನ್ನಡದ ದಾರಿಯೇ ಸರಿ. ಹಿಂದಿ, ಮರಾಠಿಯಲ್ಲಿ ನೂರರ ತನಕ ಒಂದೊಂದೂ ಬೇರೆ ಪದ, ನಾವು ಇಪ್ಪತ್ತರ ಮೇಲೆ ಒಂದು ಎಂದು ಜೋಡಿಸುತ್ತೇವೆ, ರಷ್ಯನ್ನರೂ ಅಷ್ಟೇ: ‘ದ್ವಾತ್ಸತ್ ಅದೀನ್’. ಕಷ್ಟ ಇರುವುದು ಹೇಳುವುದರಲ್ಲಲ್ಲ, ಕೇಳುವುದರಲ್ಲಿ. ಒಂಬತ್ತು ‘ದ್ಯೇವಿತ್’, ಹತ್ತು ‘ದ್ಯೇಸಿತ್’, ನಡುವೆ ಒಂದೇ ವ್ಯಂಜನದ ಅಂತರ. ಹದಿನೈದು ‘ಪಿತ್ನಾತ್ಸತ್’, ಐವತ್ತು ‘ಪಿದ್ದಿಸ್ಯಾತ್’, ಐನೂರು ‘ಪಿತ್ಸೋತ್’. ಈ ಅವಳಿಗಳನ್ನು ಒಂದೇ ದಿನ ಡಬ್ಬಿಗೆ ಹಾಕಬೇಡಿ, ಒಂದು ಗಟ್ಟಿಯಾದ ವಾರದ ಮೇಲೆ ಇನ್ನೊಂದನ್ನು ಬಿಡಿ. ನಲವತ್ತು ಮಾತ್ರ ಯಾವ ಲೆಕ್ಕಕ್ಕೂ ಸಿಗದ ‘ಸೋರಕ್’. ಸಂಖ್ಯೆಯ ಧ್ವನಿ ಕೇಳಿದೊಡನೆ ಅಂಕಿ ಬರೆಯುವ ಅಭ್ಯಾಸ ಮಾಡಿ, ಅರ್ಥ ಯೋಚಿಸಬೇಡಿ. ಉಕ್ತಲೇಖನ ನಿಮಗೆ ಹೊಸದಲ್ಲ. ರೂಬಲ್ ಪದದ ಕೊನೆ ಬದಲಾಗುವುದನ್ನು ಕೇಳಿ ಗಾಬರಿಯಾಗಬೇಡಿ: ಒಂದಕ್ಕೆ ‘ರೂಬಲ್’, ಎರಡರಿಂದ ನಾಲ್ಕಕ್ಕೆ ‘ರುಬ್ಲ್ಯಾ’, ಐದರಿಂದ ಇಪ್ಪತ್ತರ ತನಕ ‘ರುಬ್ಲ್ಯೇಯ್’. ಮೂರನ್ನೂ ಕಿವಿ ಗುರುತಿಸಿದರೆ ಸಾಕು.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೆ ನಮ್ಮ ಕಡೆಯ ಶಾಕಾಹಾರಿಗಳಿಗೆ ಅಲ್ಲಿ ದಿನಾ ಬೇಕಾಗುವ ಮಾತು ಇದೇ. ಮಾಂಸಕ್ಕೆ ‘ಮ್ಯಾಸ’ ಎನ್ನುತ್ತಾರೆ, ಅದೂ ನಮ್ಮ ಪದದ ಸೋದರ. ‘ಯಾ ನಿ ಯೆಮ್ ಮ್ಯಾಸ’, ನಾನು ಮಾಂಸ ತಿನ್ನುವುದಿಲ್ಲ. ‘ಬಿಜ್ ಮ್ಯಾಸ’, ಮಾಂಸ ಇಲ್ಲದೆ. ಇಷ್ಟಕ್ಕೇ ನಿಲ್ಲಿಸಬೇಡಿ. ಕೋಳಿ ‘ಕೂರಿತ್ಸ’, ಮೀನು ‘ರೀಬ’, ಮೊಟ್ಟೆ ‘ಯಿಯ್ತ್ಸೋ’, ಇವಕ್ಕೆ ಬೇರೆ ಬೇರೆ ಕಾರ್ಡು ಬೇಕು. ಬೀಟ್‌ರೂಟಿನ ಕೆಂಪು ಸಾರು ‘ಬೋರ್ಶ್’ ನೋಡಲು ನಮ್ಮ ಪಲ್ಯದ ಬಣ್ಣದ್ದೇ ಇದ್ದರೂ ಸಾಮಾನ್ಯವಾಗಿ ಮಾಂಸ ಕುದಿಸಿದ ನೀರಿನಲ್ಲಿ ಮಾಡಿರುತ್ತಾರೆ. ಆ ನೀರಿನ ಹೆಸರು ‘ಬುಲ್ಯೋನ್’, ಅದನ್ನು ಗುರುತಿಸಲು ಕಲಿಯಿರಿ. ‘ಪೋಸ್ನಯೆ’ ಎಂಬ ಪದ ಕಂಡರೆ ನೆನಪಿಡಿ. ಅವರ ಚರ್ಚಿನ ಉಪವಾಸದ ಅಡುಗೆ ಅದು, ಮಾಂಸ, ಮೊಟ್ಟೆ, ಹಾಲು ಇರುವುದಿಲ್ಲ. ಮೀನಿನ ಮಾತು ಮಾತ್ರ ಬೇರೆ ಕೇಳಿಕೊಳ್ಳಿ. ‘ಗ್ರ್ಯೇಚ್ಕ’ ಎಂಬ ಕಾಳಿನ ಅನ್ನ, ‘ಕಾಶ’ ಎಂಬ ಗಂಜಿ, ಮಜ್ಜಿಗೆಯ ಹತ್ತಿರದ ‘ಕಿಫೀರ್’, ‘ಖ್ಲ್ಯೇಪ್’ ಎಂಬ ರೊಟ್ಟಿ ಇವು ನಿಮ್ಮನ್ನು ಸಲಹುತ್ತವೆ. ಇದಕ್ಕೆಲ್ಲ ಬೆಂಬಲವಾಗಿ ಹುಡುಗಿಯಿಂದ ರಷ್ಯನ್ ಅಕ್ಷರದಲ್ಲೇ ನಾಲ್ಕು ಸಾಲು ಬರೆಸಿ ಪರ್ಸಿನಲ್ಲಿಡಿ. ಅದು ಕಲಿಯುವ ಕಾರ್ಡಲ್ಲ, ತೋರಿಸುವ ಚೀಟಿ. ಆಹಾರದ ವಿಷಯದಲ್ಲಿ ನಾಲಿಗೆಯೊಂದನ್ನೇ ನಂಬುವುದು ಬೇಡ.

ರಾತ್ರಿ ರೈಲಿಗೆ ಒಂದೇ ಪದ ಸಾಕು: ‘ಕಿಪಿತೋಕ್’, ಕುದಿಯುವ ನೀರು. ದೂರದ ರೈಲಿನ ಪ್ರತಿ ಬೋಗಿಯಲ್ಲೂ ಬಿಸಿನೀರಿನ ಪಾತ್ರೆ ಇರುತ್ತದೆ, ಹಣ ಕೊಡಬೇಕಾಗಿಲ್ಲ. ಬೋಗಿಯ ಉಸ್ತುವಾರಿ ಹೆಂಗಸಿಗೆ ‘ಪ್ರವದ್ನೀತ್ಸ’ ಎನ್ನುತ್ತಾರೆ. ‘ಗ್ದ್ಯೇ ಕಿಪಿತೋಕ್?’ ಎಂದು ಕೇಳಿದರೆ ದಾರಿ ತೋರಿಸುತ್ತಾಳೆ. ನೀವು ಕಟ್ಟಿಕೊಂಡು ಹೋಗುವ ಉಪ್ಪಿಟ್ಟಿನ ಪುಡಿಗೆ ಜೀವ ಬರುತ್ತದೆ.

ಮಾಸ್ಕೋ ಮೆಟ್ರೋದಲ್ಲಿ ಓದುವ ಕಾರ್ಡೇ ಹೆಚ್ಚು ಕೆಲಸಕ್ಕೆ ಬರುತ್ತವೆ. 1935ರಲ್ಲಿ ಶುರುವಾದ ಮೆಟ್ರೋ ಅದು, ನೆಲದಾಳದ ಅರಮನೆಯಂತಿದೆ. ‘ವೀಖತ್’ ಹೊರದಾರಿ, ‘ಫ್ಖೋತ್’ ಒಳದಾರಿ. ಶೌಚಾಲಯದ ಬಾಗಿಲ ಮೇಲೆ ಎಮ್ ಆಕಾರದ್ದು ಗಂಡಸರಿಗೆ, ಆರು ಕಾಲಿನ ಹುಳದಂಥ ‘ಝ’ ಅಕ್ಷರ ಹೆಂಗಸರಿಗೆ. ‘ಅಸ್ತರೋಝ್ನ, ದ್ವ್ಯೇರಿ ಜಕ್ರಿವಾಯುತ್ಸ’ ಎಂದು ಕೇಳಿದರೆ ಬಾಗಿಲು ಮುಚ್ಚುತ್ತಿದೆ, ಜೋಕೆ ಎಂದರ್ಥ. ಆ ದನಿಯಲ್ಲೇ ಒಂದು ಸುಳಿವೂ ಇದೆ: ರೈಲು ಊರ ನಡುವಿಗೆ ಹೋಗುತ್ತಿದ್ದರೆ ಗಂಡಸಿನ ದನಿ, ಹೊರಕ್ಕೆ ಹೋಗುತ್ತಿದ್ದರೆ ಹೆಂಗಸಿನ ದನಿ. ತಪ್ಪು ದಿಕ್ಕಿನ ರೈಲು ಹತ್ತಿದ್ದು ಕಿವಿಯಿಂದಲೇ ತಿಳಿಯುತ್ತದೆ.

ಕೇಳಲು ಒಂದೇ ಪದ ಕಲಿಯುತ್ತೀರಿ ಎಂದರೆ ‘ಮೋಝ್ನ?’ ಕಲಿಯಿರಿ. ಕುರ್ಚಿ ತೋರಿಸಿ ‘ಮೋಝ್ನ?’ ಎಂದರೆ ಕೂತುಕೊಳ್ಳಲೇ, ಕ್ಯಾಮೆರಾ ಎತ್ತಿ ಅಂದರೆ ಫೋಟೋ ತೆಗೆಯಲೇ, ಬಾಗಿಲಲ್ಲಿ ನಿಂತು ಅಂದರೆ ಒಳಗೆ ಬರಲೇ. ಉತ್ತರ ‘ಮೋಝ್ನ’ ಎಂದರೆ ಆಗಬಹುದು, ‘ನಿಲ್ಜ್ಯಾ’ ಎಂದರೆ ಕೂಡದು.

ಲೆಕ್ಕ ಹೀಗಿಟ್ಟುಕೊಳ್ಳಿ. ಮೊದಲ ಎರಡು ವಾರ ಅಕ್ಷರ ಮತ್ತು ಫಲಕದ ಪದ. ಆಮೇಲೆ ದಿನಕ್ಕೆ ಮೂರೋ ನಾಲ್ಕೋ ಹೊಸ ಕಾರ್ಡು, ಹೆಚ್ಚು ಬೇಡ. ಎಲ್ಲ ಸೇರಿ ಇನ್ನೂರು, ಬಹಳವೆಂದರೆ ಇನ್ನೂರೈವತ್ತು. ಬೆಳಿಗ್ಗೆ ಚಹಾ ಆಗುವ ತನಕ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ, ಎರಡೂ ಹೊತ್ತು ದನಿ ಎತ್ತಿ. ರಾತ್ರಿ ಮಲಗಿಕೊಂಡು ಒಂದು ತಾಸು ನೋಡುವ ಅಭ್ಯಾಸ ಬಿಡಿ. ಹೊರಡುವ ಹತ್ತು ದಿನ ಮೊದಲೇ ಹೊಸ ಕಾರ್ಡು ನಿಲ್ಲಿಸಿ, ಇದ್ದದ್ದನ್ನೇ ತಿರುವಿ ಹಾಕಿ. ಒಂದು ಕಾರ್ಡು ಐದಾರು ಸಲ ಮೊದಲ ಖಾನೆಗೇ ಮರಳಿ ಬಿದ್ದರೆ ದೋಷ ಅದರದ್ದು. ಹರಿದುಹಾಕಿ, ಅದೇ ಅರ್ಥವನ್ನು ಬೇರೆ ಸಂದರ್ಭದಲ್ಲಿಟ್ಟು ಹೊಸದು ಬರೆಯಿರಿ.

ನಿಮ್ಮ ಮನೆಯವರ ಮಾತು. ಕಾರ್ಡು ಹಿಡಿದು ಕೇಳುವ ಮೇಷ್ಟ್ರ ಕೆಲಸ ಅವರದಾಗಲಿ, ಮರುದಿನ ನಿಮ್ಮದು. ಬಹುಪಾಲು ಕಾರ್ಡು ಇಬ್ಬರಿಗೂ ನಡೆಯುತ್ತವೆ, ಕೆಲವು ನಡೆಯುವುದಿಲ್ಲ. ಕನ್ನಡದಲ್ಲಿ ‘ನನಗೆ ತಿಳಿಯಿತು’ ಎಂದು ಗಂಡಸು ಹೇಳಲಿ, ಹೆಂಗಸು ಹೇಳಲಿ, ಮಾತು ಒಂದೇ. ರಷ್ಯನ್ ಭೂತಕಾಲದಲ್ಲಿ ಹಿಂದಿಯ ಹಾಗೆ ಲಿಂಗ ಕಾಣಿಸುತ್ತದೆ: ಅವರು ‘ಯಾ ಪೋನಿಲ್’ ಎನ್ನಬೇಕು, ನೀವು ‘ಯಾ ಪನಿಲಾ’. ದಾರಿ ತಪ್ಪಿದರೆ ಅವರು ‘ಯಾ ಜಬ್ಲುದೀಲ್ಸ್ಯ’, ನೀವು ‘ಯಾ ಜಬ್ಲುದೀಲಸ್’. ಶಾಕಾಹಾರಿ ಎನ್ನಲು ಅವರಿಗೆ ‘ವಿಗಿತರಿಯಾನಿತ್ಸ್’, ನಿಮಗೆ ‘ವಿಗಿತರಿಯಾನ್ಕ’. ಇಂಥವನ್ನು ಎರಡು ಬಣ್ಣದ ಶಾಯಿಯಲ್ಲಿ ಬೇರೆ ಬೇರೆ ಬರೆಯಿರಿ, ಒಬ್ಬರ ಕಾರ್ಡನ್ನು ಇನ್ನೊಬ್ಬರು ಬಾಯಿಪಾಠ ಮಾಡದಂತೆ ಡಬ್ಬಿಯೂ ಎರಡಿರಲಿ.